ನಾಟಿ ಗದ್ದೆಯ ಪೇಪರ್ ಲೋಟ

ಮರಿತಾಯಮ್ಮನ ಕಾಲು ಕೆಸರು ಬಿಟ್ಟು ಒಣಗಿದ್ದೇ ಕಮ್ಮಿ. ಹನ್ನೆರಡನೇ ವಯಸ್ಸಿಗೆ ಗದ್ದೆಗಿಳಿದವಳು. ಅರವತ್ತು ದಾಟಿದರೂ ತಿ. ನರಸೀಪುರದ ನಾಲೆ ಬಯಲಿನಲ್ಲಿ ನಾಟಿ ಎಂದರೆ ಮೊದಲ ಫೋನು ಅವಳಿಗೇ. ಕೇರಿಯ ಎಂಟು ಹೆಂಗಸರನ್ನು ಕಟ್ಟಿಕೊಂಡು ಬರುತ್ತಾಳೆ. ಬಾಯಿ ಜೋರು. ಆದರೆ ಒಂದು ವಿಷಯಕ್ಕೆ ಮಾತ್ರ ಆ ಬಾಯಿಗೆ ವರ್ಷಗಟ್ಟಲೆ ಬೀಗ ಬಿದ್ದಿತ್ತು.

ಸಿದ್ದಲಿಂಗಮ್ಮನವರ ಗದ್ದೆಗೆ ಹತ್ತು ಗಂಟೆಗೆ ಟೀ ಬರುತ್ತದೆ. ಊರೊಳಗಿನ ಹೆಂಗಸರಿಗೆ ಸ್ಟೀಲ್ ಲೋಟ, ಕೇರಿಯವರಿಗೆ ಪೇಪರ್ ಲೋಟ. ಹಿಂದೆ ತೆಂಗಿನ ಚಿಪ್ಪಿಗೆ ಹುಯ್ಯುತ್ತಿದ್ದರು. ಈಗ ಕಾಲ ಸುಧಾರಿಸಿದೆಯಂತೆ! ಕೇಳಿದರೆ, ತೊಳೆಯುವ ತಾಪತ್ರಯ ಇಲ್ಲವಲ್ಲ ಎಂಬ ನಯವಾದ ಉತ್ತರ.

ಆ ಭಾನುವಾರ ಮೊಮ್ಮಗಳು ಕವನ ಜೊತೆಗೆ ಬಂದಿದ್ದಳು. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಸ್ಟೀಲ್ ಲೋಟಗಳ ತಟ್ಟೆ ಅವಳ ಮುಂದೆಯೇ ಹಾದುಹೋಯಿತು. ಹುಡುಗಿ ಕೈಚಾಚಲಿಲ್ಲ. ಸರಿದು ದಾರಿ ಬಿಟ್ಟಳು. ಹಿಂದೆ ಬಂದ ಪೇಪರ್ ಲೋಟ ತೆಗೆದುಕೊಂಡು, "ನಮ್ದು ಇದಲ್ವಾ ಅಜ್ಜಿ?" ಎಂದಳು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಈ ಗಿಡ ಒಂಬತ್ತಕ್ಕೇ ಬಗ್ಗುವುದನ್ನು ಕಲಿತುಬಿಟ್ಟಿತ್ತು. ಎಲ್ಲರೂ ಸಮಾನರು ಎಂದು ಶಾಲೆಯಲ್ಲಿ ಓದುವ ಮಗುವಿಗೆ ಈ ಪಾಠ ಹೇಳಿಕೊಟ್ಟವರು ಯಾರು? ಬಾಯಿ ಮುಚ್ಚಿಕೊಂಡು ಕುಡಿದ ತಾನೇ. ಮರಿತಾಯಮ್ಮನಿಗೆ ನಾಚಿಕೆಯಾಯಿತು, ಹಿಂದೆಯೇ ಮೈಯೆಲ್ಲ ಉರಿಯಿತು. ಮಗುವಿನ ಕೈಯ ಟೀಯನ್ನು ಬದುವಿನ ಮೇಲೆ ಚೆಲ್ಲಿದಳು.

"ಅವ್ವಾರೇ, ನಮ್ಗೂ ಸ್ಟೀಲ್ ಲೋಟ ಕೊಡಿ. ಇಲ್ದಿದ್ರೆ ಇವತ್ತು ನಾಟಿ ಇಲ್ಲ."

"ಒಂದು ಲೋಟಕ್ಕೆ ಇಷ್ಟು ರಾದ್ಧಾಂತವಾ ಮರಿತಾಯಿ? ನಾಳೆಯಿಂದ ನಿಮ್ಮನ್ನ ಯಾರು ಕರೀತಾರೆ, ನೋಡ್ತೀನಿ," ಎಂದರು ಸಿದ್ದಲಿಂಗಮ್ಮ.

"ಕರೀದಿದ್ರೆ ಬ್ಯಾಡ. ಕೂಲಿ ಎಲ್ಲಾದ್ರೂ ಉಟ್ತದೆ. ಈ ಕೂಸು ಕಲ್ತಿದ್ನ ಮರೆಸೋಕೆ ನಾನು ಇನ್ನೊಂದ್ಸಲ ಉಟ್ಟಿ ಬರಕಾಯ್ತದಾ?"

ಎಂಟು ಹೆಂಗಸರೂ ಬದು ಹತ್ತಿ ಕೂತರು. ಮಾತು ಹಬ್ಬಿದರೆ ಈ ಹಂಗಾಮಿಗೆ ಯಾರೂ ಕರೆಯಲಿಕ್ಕಿಲ್ಲ. ಆದರೂ ಮರಿತಾಯಮ್ಮ ಏಳಲಿಲ್ಲ. ಕಿತ್ತು ಹಾಕಿದ ಪೈರಿನ ಕಟ್ಟುಗಳು ಗದ್ದೆ ತುಂಬ ಬಿದ್ದಿದ್ದವು. ಅವತ್ತೇ ನೆಡದಿದ್ದರೆ ಕೆಟ್ಟುಹೋಗುತ್ತವೆ.

ಸಿದ್ದಲಿಂಗಮ್ಮ ಉಪಾಯ ಹೂಡಿದರು. "ಮಗುವಾದ್ರೂ ಕುಡೀಲಿ" ಎಂದು ಕವನಳ ಮುಂದೆ ಒಂದು ಸ್ಟೀಲ್ ಲೋಟ ಹಿಡಿದರು. ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಮೊದ್ಲು ನಮ್ಮಜ್ಜಿಗೆ ಕೊಡಿ."

ಹನ್ನೆರಡರ ಬಿಸಿಲಿಗೆ ಪೈರಿನ ತುದಿ ಬಾಡಿತು, ಸಿದ್ದಲಿಂಗಮ್ಮನವರ ಹಟವೂ ಬಾಡಿತು. ಮನೆಯಿಂದ ಹತ್ತು ಸ್ಟೀಲ್ ಲೋಟ, ಬಿಸಿ ಟೀ ಬಂದವು. ಮರಿತಾಯಮ್ಮ ಅವಸರವಿಲ್ಲದೆ, ಕೊನೇ ಗುಟುಕಿನವರೆಗೂ ಕುಡಿದಳು.

"ಕುಡಿದು ನಾಲೇಲಿ ತೊಳೆದಿಡಿ," ಎಂದರು ಸಿದ್ದಲಿಂಗಮ್ಮ.

"ಅವರು ಕುಡಿದ ಲೋಟ ಯಾರು ತೊಳೀತಾರೆ?" ಮರಿತಾಯಮ್ಮ ಊರ ಹೆಂಗಸರ ಕಡೆ ಕೈ ತೋರಿದಳು.

"ಅದು ಮನೆಗೆ ಹೋಗುತ್ತೆ."

"ಅಂಗಾದ್ರೆ ಇದೂ ಮನೆಗೇ ಓಗ್ಲಿ."

ಎಂಜಲು ಲೋಟವನ್ನು ಊರ ಹೆಂಗಸರ ಲೋಟಗಳಿದ್ದ ಬುಟ್ಟಿಗೇ ಹಾಕಿದಳು. ಕವನಳೂ ತನ್ನದನ್ನು ಹಾಕಿದಳು, ಯಾರನ್ನೂ ಕೇಳದೆ.