ಅಕ್ಕ ನಂಬಿದ ಮುಳ್ಳು

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ‘ಆಗುತ್ತೆ ಮೇಸ್ತ್ರಿ’. ಎಂಥ ಲಡಾಸು ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರೂ ಬಾನೆಟ್ ಎತ್ತಿ ನೋಡಿ, ಮೊಣಕೈಯಿಂದ ಮೂಗು ಒರೆಸಿಕೊಂಡು “ಆಗುತ್ತೆ” ಎನ್ನುತ್ತಾರೆ. ಯಾವಾಗ ಆಗುತ್ತೆ ಎಂದು ಮಾತ್ರ ಕೇಳಬಾರದು. ನಾನು ಅವರ ಹೆಂಡತಿಯ ತಮ್ಮ, ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಭಾವನ ತಪ್ಪುಗಳನ್ನು ಬರೆಯಲು ನನಗಿಂತ ಯೋಗ್ಯ ಇನ್ನೊಬ್ಬ ಸಿಗಲಾರ.

ದೊಡ್ಡ ತಪ್ಪು ಒಂದೇ. ಕಂಡವರ ಕಾರಿನಲ್ಲಿ ಒಂದು ಬಲ್ಬು ಹೋದರೂ ಚಡಪಡಿಸುವ ಈ ಮನುಷ್ಯ, ಸ್ವಂತ ಕಾರಿನ ಸ್ಪೀಡೋಮೀಟರ್ ಕೆಟ್ಟು ಆರು ವರ್ಷವಾದರೂ ಅದರ ಸುದ್ದಿಗೆ ಹೋಗಿರಲಿಲ್ಲ. ಕೇಳಿದರೆ “ನನಗೆ ಕಿವಿ ಇದೆಯಲ್ಲಪ್ಪ, ಇಂಜಿನ್ ಸದ್ದಲ್ಲೇ ಗೊತ್ತಾಗುತ್ತೆ” ಎನ್ನುತ್ತಿದ್ದರು. ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೀಗೇ ಹೋಗುತ್ತಿದ್ದಾಗ ಅಕ್ಕ, “ಎಷ್ಟರಲ್ಲಿ ಹೋಗ್ತಿದ್ದೀರಿ?” ಎಂದು ಕೇಳಿದಳು. ಭಾವ “ನಲವತ್ತು” ಎಂದರು. ಮುಂದಿನ ತಿರುವಿನಲ್ಲಿ ಕಾರು ರಸ್ತೆ ಬಿಟ್ಟು ಹಳ್ಳಕ್ಕೆ ಇಳಿಯಿತು. ಭಾವನ ಮೈಮೇಲೆ ಒಂದು ಗೀರೂ ಇರಲಿಲ್ಲ. ಅಕ್ಕನ ಎಡಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಅವಳು ಬಟ್ಟೆ ಹೊಲಿಯುವವಳು. ಆ ಕೈ ಈಗಲೂ ಪೂರ್ತಿ ತಿರುಗುವುದಿಲ್ಲ. ರವಿಕೆಗೆ ತೋಳು ಕೂಡಿಸುವಾಗ ಬಟ್ಟೆ ತಿರುಗಿಸಲು ಆಗದೆ ತಾನೇ ಸ್ಟೂಲಿನ ಮೇಲೆ ತಿರುಗಿ ಕೂರುತ್ತಾಳೆ. ಅದನ್ನು ನೋಡಿದಾಗಲೆಲ್ಲ ಭಾವ ಏನೋ ನೆನಪಾದವರಂತೆ ಎದ್ದು ಹೊರಗೆ ಹೋಗುತ್ತಾರೆ.

ಆಮೇಲೆ ಒಂದು ವರ್ಷ ಅಕ್ಕ ಯಾವ ಗಾಡಿಯನ್ನೂ ಹತ್ತಲಿಲ್ಲ. ಅಷ್ಟರಲ್ಲಿ ಅಮ್ಮನಿಗೆ ಮರೆವು ಶುರುವಾಯಿತು. ಅಮ್ಮ ಇರುವುದು ಅರವತ್ತು ಕಿಲೋಮೀಟರ್ ಆಚೆ, ನಮ್ಮ ದೊಡ್ಡಣ್ಣನ ಮನೆಯಲ್ಲಿ. ಹೋಗದೆ ವಿಧಿಯಿಲ್ಲ ಎಂದಾದಾಗ ಅಕ್ಕ ಭಾವನಿಗೆ ಷರತ್ತು ಹಾಕಿದಳು. ಮೀಟರ್ ರಿಪೇರಿಯಾಗಬೇಕು, ತಾನು ಮುಂದೆ ಕೂರಬೇಕು, ಮುಳ್ಳು ನಲವತ್ತು ದಾಟಬಾರದು. ಬಸ್ಸಿನಲ್ಲಿ ಹೋಗೋಣ ಎಂದು ನಾನು ಹೇಳಿದ್ದಕ್ಕೆ, “ಬಸ್ಸಿನ ಮುಳ್ಳು ನನಗೆ ಕಾಣುತ್ತೇನೋ?” ಎಂದು ನನ್ನ ಬಾಯಿ ಮುಚ್ಚಿಸಿದಳು. ಭಾವ ಅವತ್ತೇ ಮೀಟರ್ ಸರಿಮಾಡಿದರು. ವರ್ಷಗಟ್ಟಲೆ ಆಗದ ಕೆಲಸಕ್ಕೆ ಹಿಡಿದದ್ದು ಅರ್ಧ ಗಂಟೆ.

ಅದು ಹಳೇ ಕಾಲದ ಕಾರು, ಮೀಟರ್ ಡ್ಯಾಶ್‌ಬೋರ್ಡಿನ ನಟ್ಟನಡುವೆ ಇದೆ. ಅಂದಿನಿಂದ ಪ್ರತಿ ಭಾನುವಾರ ಅಕ್ಕ ಅದರ ಮೇಲೇ ಕಣ್ಣು ನೆಟ್ಟು ಕೂರುತ್ತಾಳೆ. ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ನಾನು. ಲಾರಿಯವರು ಹಾರ್ನ್ ಬಾರಿಸಿ, ನಮ್ಮತ್ತ ಕೈ ಎತ್ತಿ ಏನೇನೋ ಹೇಳಿ ಮುಂದೆ ಹೋಗುತ್ತಾರೆ. ಭಾವ ಕಮಕ್ ಕಿಮಕ್ ಎನ್ನುವುದಿಲ್ಲ. ಒಂದೂವರೆ ಗಂಟೆಗೆ ಸರಿಯಾಗಿ ಅಣ್ಣನ ಮನೆ ಮುಂದೆ ಇರುತ್ತೇವೆ. ಅಕ್ಕ ಅಮ್ಮನ ಹಿಂದೆ ಕೂತು ತಲೆ ಬಾಚುತ್ತಾಳೆ. ಅಮ್ಮ, “ಮೆತ್ತಗೆ ಬಾಚೇ, ತಲೆ ಇದು, ನಿನ್ನ ಬಟ್ಟೆ ಅಲ್ಲ” ಎಂದು ಗದರುತ್ತಾಳೆ. ಅಮ್ಮನಿಗೆ ಮೊಮ್ಮಕ್ಕಳು ಮರೆತುಹೋಗಿದ್ದಾರೆ. ನನ್ನನ್ನು ಗ್ಯಾಸ್ ಸಿಲಿಂಡರ್ ತರುವವನು ಎಂದುಕೊಂಡಿದ್ದಾಳೆ, ಪಾಪ, ಖಾಲಿ ಸಿಲಿಂಡರ್ ಎಲ್ಲಿದೆ ಎಂದೂ ತೋರಿಸುತ್ತಾಳೆ. ನೆನಪಿನಲ್ಲಿ ಅಕ್ಕನೊಬ್ಬಳೇ ಉಳಿದಿದ್ದಳು. ವಾರ ವಾರ ಬರುತ್ತಿರುವುದರಿಂದಲೇ ಉಳಿದಿದ್ದೀರಿ ಎಂದು ಡಾಕ್ಟರ್ ಹೇಳಿದ್ದರು.

ಹೀಗಿರುವಾಗ ಈ ವರ್ಷ ಕಾರಿನ ಗೇರ್‌ಬಾಕ್ಸ್ ಒಡೆಯಿತು. ಹಿಂದಿನ ಬೇರಿಂಗ್ ಪುಡಿಯಾಗಿ, ಒಳಗಿನ ಹಲ್ಲುಗಳನ್ನೆಲ್ಲ ಜಗಿದುಹಾಕಿತ್ತು. ಆ ಮಾಡೆಲ್ ನಿಂತು ಯಾವ ಕಾಲವಾಯಿತೋ. ಭಾವ ಗುಜರಿಗಳನ್ನೆಲ್ಲ ಜಾಲಾಡಿ, ಅದೇ ಕಂಪನಿಯ ವ್ಯಾನಿನ ಗೇರ್‌ಬಾಕ್ಸ್ ತಂದು ಕೂರಿಸಿದರು. ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ಮೀಟರ್ ಮಾತ್ರ ಸತ್ತಿತ್ತು. ಗೇರ್‌ಬಾಕ್ಸಿನಿಂದ ಮೀಟರಿಗೆ ಒಂದು ಕೇಬಲ್ ಹೋಗುತ್ತದೆ. ಹಳೇ ಗೇರ್‌ಬಾಕ್ಸ್ ಬಿಚ್ಚುವಾಗ ಆ ಕೇಬಲ್ಲಿನ ಒಳತಂತಿ ತುಂಡಾಗಿತ್ತು.

ಮೊದಲ ಭಾನುವಾರ ಗೇರ್‌ಬಾಕ್ಸೇ ಇಲ್ಲದೆ ತಪ್ಪಿತು. ಎರಡನೆಯ ಭಾನುವಾರ ಅಕ್ಕ ಸೀರೆ ಉಟ್ಟು, ಬಾಚಣಿಗೆ ಚೀಲಕ್ಕೆ ಹಾಕಿ, ಬಂದು ಕೂತಳು. ಕಾರು ಬೀದಿಯ ಕೊನೆ ಮುಟ್ಟಿದರೂ ಮುಳ್ಳು ಸೊನ್ನೆಯಲ್ಲೇ ಮಲಗಿತ್ತು. “ನಿಲ್ಲಿಸಿ” ಎಂದಳು. ಇಳಿದು ಮನೆಗೆ ನಡೆದಳು. ಮೂರನೆಯ ವಾರ ಹೊಸ ಕೇಬಲ್ ಬಂತು, ಆದರೆ ಅದರ ನಟ್ಟು ವ್ಯಾನಿನ ಗೇರ್‌ಬಾಕ್ಸಿಗೆ ಕೂರಲಿಲ್ಲ. ಆ ಭಾನುವಾರ ಸಂಜೆ ಅಣ್ಣನ ಫೋನು ಬಂತು. ಅಮ್ಮ ಗೋಡೆಯ ಮೇಲಿನ ಫೋಟೋ ತೋರಿಸಿ ಈ ಹೆಂಗಸು ಯಾರು ಎಂದು ಕೇಳಿದ್ದಳಂತೆ. ಅದು ಅಕ್ಕನ ಫೋಟೋ. ಅಕ್ಕ ಫೋನಿಟ್ಟು ಮೆಷೀನಿನ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಲು ಅವಳಿಗೆ ಆಗಲೇ ಇಲ್ಲ.

ಭಾವ ಮರುದಿನ ಶೆಡ್ಡಿನ ಬಾಗಿಲು ಮುಕ್ಕಾಲು ಎಳೆದು, ಬೇರೆ ಕೆಲಸವೆಲ್ಲ ಬದಿಗಿಟ್ಟರು. ಕೇಬಲ್ಲಿನ ತುದಿಗೆ ವ್ಯಾನಿನ ನಟ್ಟನ್ನೇ ಜೋಡಿಸಿ, ಒಳತಂತಿಯ ಉದ್ದ ಅಳೆದು ಕತ್ತರಿಸಿ, ಶನಿವಾರಕ್ಕೆ ಮುಳ್ಳು ಏಳುವಂತೆ ಮಾಡಿದರು. ಅಕ್ಕನನ್ನು ಕರೆದು, ಗಾಡಿ ಹಿಂದೆ ಮುಂದೆ ಓಡಿಸಿ ತೋರಿಸಿದರು. ಅವಳು ನಕ್ಕಿದ್ದನ್ನು ಅವತ್ತು ಮೂರು ವಾರದ ಮೇಲೆ ನೋಡಿದೆ.

ನಾಲ್ಕನೆಯ ಭಾನುವಾರ ಹೊರಟೆವು. ಮುಳ್ಳು ನಲವತ್ತಕ್ಕೆ ಅಂಟಿಕೊಂಡಂತೆ ನಿಂತಿತ್ತು. ಅರ್ಧ ದಾರಿಯಲ್ಲಿ ನಾನು ಗಮನಿಸಿದೆ, ಭಾವನ ಕಣ್ಣು ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳ ಮೇಲೂ ಕೈಗಡಿಯಾರದ ಮೇಲೂ ಓಡಾಡುತ್ತಿತ್ತು. ಹದಿನೆಂಟು ನಿಮಿಷ ಮೊದಲೇ ತಲುಪಿದೆವು. ಟ್ರಾಫಿಕ್ ಇರಲಿಲ್ಲವಲ್ಲ ಎಂದುಕೊಂಡಳು ಅಕ್ಕ. ಅಮ್ಮ ಅವಳನ್ನು ನೋಡಿ, “ನೀನು ನರ್ಸಾ?” ಎಂದಳು. ಅಕ್ಕ ಅವಳ ಹಿಂದೆ ಕೂತು ಬಾಚಣಿಗೆ ಹಿಡಿದಳು. ಹತ್ತು ನಿಮಿಷ ಬಾಚಿದರೂ ಅಮ್ಮನ ಬಾಯಿಂದ ಮಾತಿಲ್ಲ. ಕಾಲು ಗಂಟೆಯಾದ ಮೇಲೆ ಒಂದು ಸಿಕ್ಕು ಜಗ್ಗಿತು. “ಮೆತ್ತಗೆ ಬಾಚೇ, ತಲೆ ಇದು” ಎಂದಳು ಅಮ್ಮ. ಅಕ್ಕ ಅವಳ ಕೂದಲಲ್ಲಿ ಮುಖವಿಟ್ಟು ಅತ್ತಳು. ನಾನು ಸಿಲಿಂಡರ್ ನೋಡುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಸೋಮವಾರ ಪ್ರೆಸ್ಸಿಗೆ ಹೋಗುವ ಮುನ್ನ ಶೆಡ್ಡಿಗೆ ಹೋದರೆ ಭಾವ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

“ಅದು ನಲವತ್ತಲ್ಲ, ಐವತ್ತು. ನಲವತ್ತರಲ್ಲಿ ಒಂದು ಕಲ್ಲಿಂದ ಇನ್ನೊಂದಕ್ಕೆ ತೊಂಬತ್ತು ಸೆಕೆಂಡ್ ಬೇಕು. ನಿನ್ನೆ ಎಪ್ಪತ್ತೆರಡಕ್ಕೇ ಬಂತು.” ಗೇರ್‌ಬಾಕ್ಸಿನಲ್ಲಿ ಕೇಬಲ್ ತಿರುಗಿಸುವ ಪುಟ್ಟ ಚಕ್ರವೊಂದಿದೆಯಂತೆ. ವ್ಯಾನಿನದಕ್ಕೆ ಇಪ್ಪತ್ತು ಹಲ್ಲು, ನಮ್ಮ ಕಾರಿಗೆ ಬೇಕಾದದ್ದು ಹದಿನಾರು. ನಮ್ಮದು ಹಳೇ ಗೇರ್‌ಬಾಕ್ಸಿನ ಜೊತೆ ಪುಡಿಯಾಗಿದೆ, ಗುಜರಿಯಲ್ಲೂ ಇಲ್ಲ. “ಹಲ್ಲು ಜಾಸ್ತಿಯಾದ್ರೆ ಕೇಬಲ್ ನಿಧಾನ ತಿರುಗುತ್ತೆ. ಮುಳ್ಳು ಹತ್ತಕ್ಕೆ ಎರಡು ಕಮ್ಮಿ ತೋರಿಸ್ತಿದೆ.”

“ತೋರಿಸಲಿ ಬಿಡಿ. ಅಕ್ಕನಿಗೆ ಸಮಾಧಾನ, ಅಮ್ಮನಿಗೆ ಹದಿನೆಂಟು ನಿಮಿಷ ಲಾಭ. ಐವತ್ತೇನು ಮಹಾ, ಐವತ್ತರಲ್ಲಿ ಯಾರಾದ್ರೂ ಸಾಯ್ತಾರಾ? ನೀವು ಬಾಯಿ ಬಿಡದಿದ್ರೆ ಆಯ್ತು.”

ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಭಾವ ನನ್ನನ್ನು ನೋಡಿದ ನೋಟಕ್ಕೆ ನಾನು ಸ್ಟೂಲಿನಿಂದ ಎದ್ದು ನಿಂತೆ.

“ಅವತ್ತು ಅರವತ್ತೈದರ ಮೇಲಿದ್ದೆ ಕಣಯ್ಯ. ಗೊತ್ತಿದ್ದೂ ನಲವತ್ತು ಅಂದೆ. ಎಂಟು ವರ್ಷದಿಂದ ಅವಳು ನನ್ನ ಮಾತು ನಂಬಲ್ಲ, ಆ ಮುಳ್ಳನ್ನ ನಂಬ್ತಾಳೆ. ಈಗ ಅದರ ಕೈಲೂ ನಾನೇ ಸುಳ್ಳು ಹೇಳಿಸಲಾ?”

ಅವರ ಬಾಯಿಂದ ಆ ಅರವತ್ತೈದು ಬಂದದ್ದು ಅದೇ ಮೊದಲು. ನಿಜ ಹೇಳಿದರೆ ಅಕ್ಕ ಮತ್ತೆ ಕಾರು ಹತ್ತದಿರಬಹುದು, ಅಮ್ಮ ಅವಳನ್ನು ಪೂರ್ತಿ ಮರೆಯಬಹುದು. ಅದೆಲ್ಲ ಅವರಿಗೂ ಗೊತ್ತಿತ್ತು. ಆದರೂ ಅವತ್ತು ಸಂಜೆ ಕೈ ತೊಳೆದುಕೊಂಡು ಹೋಗಿ, ಹಳೆಯದನ್ನೂ ಹೊಸದನ್ನೂ ಒಟ್ಟಿಗೇ ಅಕ್ಕನ ಮುಂದೆ ಹೇಳಿದರು. ಬೈದಿದ್ದರೆ ವಾಸಿಯಿತ್ತು. ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟು ಒಳಗೆ ಹೋದಳು. ನಾಲ್ಕು ದಿನ ಆ ಮನೆಯಲ್ಲಿ ತಟ್ಟೆ ಲೋಟಗಳದ್ದೇ ಸದ್ದು. ಭಾವ ಫೋನು ಹಿಡಿದು ಊರೂರಿನ ಗುಜರಿಗಳಿಗೆ ಹದಿನಾರು ಹಲ್ಲಿನ ಚಕ್ರ ಕೇಳುತ್ತಿದ್ದರು. ಎಲ್ಲ ಕಡೆ ಇಲ್ಲ ಎಂಬ ಒಂದೇ ಉತ್ತರ. ನನಗೆ ಇಬ್ಬರ ಮೇಲೂ ಕೋಪ ಬಂತು, ಇಬ್ಬರ ಮೇಲೂ ಕನಿಕರವೂ ಬಂತು.

ಶನಿವಾರ ಅಕ್ಕ ತಾನಾಗಿ ಶೆಡ್ಡಿಗೆ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

“ಆ ಮುಳ್ಳು ಯಾವಾಗ್ಲೂ ಅಷ್ಟೇ ತಪ್ಪು ಹೇಳುತ್ತಾ? ಇಲ್ಲಾ ಒಂದೊಂದು ದಿನ ಒಂದೊಂದು ಥರಾನಾ?”

“ಯಾವಾಗ್ಲೂ ಅಷ್ಟೇ.”

“ಹಾಗಾದ್ರೆ ಅದರದ್ದೇನು ತಪ್ಪು? ಅಂಕಿ ಬದಲಾಯಿಸಿ.”

ಮೂವತ್ತು ವರ್ಷ ಗಾಡಿ ಬಿಚ್ಚಿದ ಮೇಸ್ತ್ರಿಗೆ ಹೊಳೆಯದ್ದು ಅಳತೆ ಟೇಪಿನವಳಿಗೆ ಹೊಳೆದಿತ್ತು. ಲೆಕ್ಕ ಹಾಕಿ ಈಗಲೇ ಬರೆದುಬಿಡುತ್ತೇನೆ ಎಂದು ಭಾವ ಪೆನ್ಸಿಲ್ ಹುಡುಕಿದರು. “ನಿಮ್ಮ ಲೆಕ್ಕ ಬೇಡ. ನಾಳೆ ದಾರೀಲಿ ನಾನೇ ನೋಡಿ ಬರೀತೀನಿ” ಎಂದು ಅಕ್ಕ ಹೊರಟುಹೋದಳು.

ಭಾನುವಾರ ಭಾವ ಮೀಟರಿನ ಗಾಜು ತೆಗೆದು, ಅಂಕಿಗಳ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿದ್ದರು. ಈಗ ಆ ಮುಳ್ಳು ಏಳುತ್ತಿತ್ತು, ಏನೂ ಹೇಳುತ್ತಿರಲಿಲ್ಲ. ಅಕ್ಕ ಒಂದು ಕೈಯಲ್ಲಿ ಗಡಿಯಾರ, ಒಂದು ಕೈಯಲ್ಲಿ ಪೆನ್ಸಿಲ್ ಹಿಡಿದು ಕೂತಳು. ಕಲ್ಲು ಬಂದಾಗ ಕೂಗುವ ಕೆಲಸ ನನ್ನದು. ಮೊದಲ ಸಲ ತೊಂಬತ್ತೇಳು ಸೆಕೆಂಡ್. “ಚೂರು ಜಾಸ್ತಿ ಮಾಡಿ” ಎಂದಳು. ಆಮೇಲೆ ತೊಂಬತ್ತೆರಡು. ನಾಲ್ಕನೆಯ ಕಲ್ಲಿಗೆ ಸರಿಯಾಗಿ ತೊಂಬತ್ತು. ಅಕ್ಕ ಬಗ್ಗಿ, ಮುಳ್ಳಿನ ತುದಿಗೆ ಗೆರೆ ಎಳೆದು ೪೦ ಎಂದು ಬರೆದಳು. ಭಾವ ಅಲ್ಲಿಂದ ಮುಳ್ಳು ಅಲ್ಲಾಡದಂತೆ ಓಡಿಸಿದರು.

ಸ್ವಲ್ಪ ದೂರ ಹೋದ ಮೇಲೆ ಅಕ್ಕ ಕೇಳಿದಳು. “ಇಷ್ಟೇನಾ ಬರೆಯೋದು?”

“ನಿನಗೆ ಅಷ್ಟೇ ತಾನೇ ಬೇಕಿರೋದು.”

“ಹೋದ ವಾರ ಹೇಳದೆ ಐವತ್ತರಲ್ಲಿ ಕರ್ಕೊಂಡು ಹೋದ್ರಿ. ಇವತ್ತು ಹೇಳಿ ಕರ್ಕೊಂಡು ಹೋಗಿ.”

“ಬೇಡ ಕಣೇ” ಎಂದರು ಭಾವ.

“ಅಮ್ಮನ ಹತ್ರ ಬೇಗ ಹೋಗಬೇಕು ನಾನು.”

ಗಡಿಯಾರವನ್ನು ಹಿಂದೆ ನನ್ನ ಕೈಗೆ ಕೊಟ್ಟು, ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಇಂಜಿನ್ನಿನ ಸದ್ದು ಏರಿತು. ಮುಳ್ಳು ಅವಳ ಗೆರೆಯನ್ನು ದಾಟಿ ಖಾಲಿ ಕಾಗದದ ಮೇಲೆ ಸರಿಯಿತು. ಭಾವ ಪ್ರತಿ ಸಲ ಆಕ್ಸಿಲರೇಟರ್ ಒತ್ತುವ ಮೊದಲು ಬಾಯಿಬಿಟ್ಟು ಹೇಳುತ್ತಿದ್ದರು. “ನಲವತ್ತೈದು ಇರಬೇಕು. ಈಗ ಇನ್ನೊಂಚೂರು ಕೊಡ್ತೀನಿ. ಕೊಡಲಾ?” ಅಕ್ಕ “ಹ್ಞೂಂ” ಎನ್ನುತ್ತಿದ್ದಳು. ಕಲ್ಲಿನಿಂದ ಕಲ್ಲಿಗೆ ನಾನು ಸೆಕೆಂಡ್ ಎಣಿಸುತ್ತಿದ್ದೆ.

“ಎಪ್ಪತ್ತೆರಡು” ಎಂದೆ.

ಅಕ್ಕ ಬಾಗಿಲು ಬಿಟ್ಟು, ಮುಳ್ಳಿನ ತುದಿಗೆ ೫೦ ಎಂದು ಬರೆದಳು. ಬರೆದಾದ ಮೇಲೆ ಮೀಟರಿನ ಕಡೆ ತಿರುಗಲಿಲ್ಲ, ಭಾವನ ಮುಖವನ್ನೇ ನೋಡಿದಳು. “ಈಗ ಎಷ್ಟರಲ್ಲಿದ್ದೀರಿ?”

“ಐವತ್ತು” ಎಂದರು ಭಾವ.

“ಸರಿ” ಎಂದು ಅಕ್ಕ ಪೆನ್ಸಿಲನ್ನು ಚೀಲಕ್ಕೆ ಹಾಕಿದಳು.