ಕರುಗಳ ನಾಡಿನಿಂದ ಬಂದವಳು

ಹಳೇಬೀಡಿಗೆ ಬರುವ ಹೊರದೇಶದವರನ್ನೆಲ್ಲ ಬಸ್ತಿಹಳ್ಳಿಯ ಮಕ್ಕಳಾದ ನಾವು 'ಫಾರಿನ್ನೋರು' ಎಂದು ಒಂದೇ ಹೆಸರಿನಲ್ಲಿ ಮುಗಿಸುತ್ತಿದ್ದ ಕಾಲ ಅದು. ಮನೆಮನೆಗೆ ನಾಟಿ ಹಸು ಇರುತ್ತಿತ್ತು. ಯಾರ ಮನೆಯ ಹಸು ಕರು ಹಾಕಿದರೂ ಗಿಣ್ಣಿನ ಬೆಲ್ಲ, ಏಲಕ್ಕಿಯ ವಾಸನೆಯಿಂದ ಬೀದಿಗೆಲ್ಲ ಸುದ್ದಿ ಮುಟ್ಟುತ್ತಿತ್ತು.

ಆ ಬೇಸಿಗೆಯಲ್ಲಿ ನಮ್ಮ ಕೆಂದಿ ಕರು ಹಾಕಿ ಇನ್ನೂ ವಾರ ತುಂಬಿರಲಿಲ್ಲ. ಕರು ಬಾಯಿ ಹಾಕದೆ ಅವಳು ತೊಟ್ಟು ಹಾಲೂ ಇಳಿಸುತ್ತಿರಲಿಲ್ಲ. ನನಗಂತೂ ಹಾಲಿಗಿಂತ ಆ ಕರುವಿನ ಒದ್ದೆ ಮೂಗೇ ದೊಡ್ಡದು. ಒಂದು ಮಧ್ಯಾಹ್ನ ನಾಯಿಗಳು ಅದನ್ನು ಅಟ್ಟಿದವು. ಕರು ಬೆದರಿ ಕೆರೆಯತ್ತ ಓಡಿತು. ನೀರು ಹಿಂದೆ ಸರಿದಿದ್ದ ಜಾಗದಲ್ಲಿ ಹೂಳು ಮೇಲೆ ಒಣಗಿ ಬಿರಿದಿತ್ತು, ಒಳಗೆ ಮಾತ್ರ ಅಂಬಲಿಯಂತಿತ್ತು. ನನ್ನ ಕಣ್ಣೆದುರೇ ಕರು ಹೊಟ್ಟೆಯವರೆಗೆ ಹೂತುಹೋಯಿತು.

ನನ್ನ ಕೂಗಿಗೆ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬಸದಿ ತೋರಿಸುತ್ತಿದ್ದ ಗೈಡ್ ನಂಜಪ್ಪಣ್ಣನೂ, ಅವನ ಹಿಂದೆ ಒಬ್ಬ ಫಾರಿನ್ ಹೆಂಗಸೂ ಬಂದರು. ಅಷ್ಟರಲ್ಲಿ ಗದ್ದೆಯಲ್ಲಿದ್ದ ಗಂಡಸರು ಕರುವಿನ ಕುತ್ತಿಗೆಗೆ ಹಗ್ಗ ಎಸೆಯಲು ಕುಣಿಕೆ ಹಾಕುತ್ತಿದ್ದರು.

"ಬಿಡ್ರೋ ಹಗ್ಗನ! ಕುತ್ತಿಗೆ ಹಿಡಿದು ಎಳೆದ್ರೆ ಉಸಿರು ನಿಂತೋಯ್ತದೆ. ಗರಿ ತರ್ರೀ, ಗರಿ!" ಎಂದು ಅವ್ವ ಗದರಿದಳು.

ಹೂಳಿಗೆ ಬಿದ್ದ ದನವನ್ನು ನಮ್ಮಲ್ಲಿ ಎತ್ತುವುದೇ ಹಾಗೆ. ತೆಂಗಿನ ಗರಿಗಳನ್ನು ಅಡ್ಡಡ್ಡ ಹಾಸಿ, ಅವುಗಳ ಮೇಲೆ ಬೋರಲು ಮಲಗಿ ತೆವಳಿ, ಹೊಟ್ಟೆಯಡಿ ಬಟ್ಟೆ ತೂರಿಸಬೇಕು. ಹಗುರ ಇದ್ದವರೇ ಹೋಗಬೇಕು. ಅವ್ವ ಹೋದಳು. ಯಾರೋ ತಂದುಕೊಟ್ಟ ಹಳೆಯ ಸೀರೆಯನ್ನು ಈಚೆಯಿಂದ ತೂರಿಸಿದಳು; ಆಚೆಯಿಂದ ಹಿಡಿಯುವವರಿಲ್ಲ. ಇನ್ನಷ್ಟು ಕೈ ಚಾಚಿದಾಗ ಗರಿ ಜಾರಿತು. ಅವಳ ಭುಜ, ಆಮೇಲೆ ಗದ್ದ, ಕೆಸರಿಗಿಳಿದವು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಗದ್ದವೇ ಕಾಣುತ್ತದೆ. ಬಾಯಿಯೊಂದು ಮುಳುಗುವುದು ಬಾಕಿಯಿತ್ತು.

ಆ ಹೆಂಗಸು ಬೂಟು ಕಳಚಿದ್ದನ್ನು ನಾವ್ಯಾರೂ ನೋಡಲಿಲ್ಲ. ನೋಡುವಷ್ಟರಲ್ಲಿ ಗರಿಗಳ ಮೇಲೆ ಬೋರಲಾಗಿ ತೆವಳುತ್ತಿದ್ದಳು.

"ಬ್ಯಾಡಿ ಮೇಡಂ! ಏನಾರ ಆದ್ರೆ ನನ್ನ ತಲೆಗೇ ಬತ್ತದೆ!" ಎಂದು ನಂಜಪ್ಪಣ್ಣ ದಡದಲ್ಲೇ ಕುಣಿದಾಡಿದ.

ಅವಳು ಅವ್ವನ ತೋಳಿನಡಿ ಒಂದು ಗರಿ ತಳ್ಳಿದಳು. ಅವ್ವನ ಮುಖ ಮೇಲೆ ಬಂತು. ಆಮೇಲೆ ಆಚೆಗೆ ಸುತ್ತಿ ಹೋಗಿ, ಕೆಸರಿನೊಳಗೆ ಕೈ ಹಾಕಿ ಸೀರೆಯ ತುದಿ ಹುಡುಕಿದಳು. ಎರಡೂ ತುದಿ ಗಂಟಾಗಿ ಅದಕ್ಕೆ ಹಗ್ಗ ಬಿಗಿದದ್ದೇ, "ಈಗ ಎಳೀರ್ಲಾ!" ಎಂದು ಅವ್ವ ಕೂಗಿದಳು. ನಾನೂ ಹಗ್ಗ ಹಿಡಿದೆ. ಕೆಸರು ಲೊಳಕ್ಕೆಂದು ಕರುವನ್ನು ಕಕ್ಕಿತು. ದಡಕ್ಕೆ ಬಂದ ಕರು ಬಿತ್ತು, ಎದ್ದಿತು, ಮತ್ತೆ ಬಿತ್ತು. ಮತ್ತೆ ಎದ್ದದ್ದೇ ಬಾಲ ಎತ್ತಿ ಕೆಂದಿಯತ್ತ ಓಡಿತು. ಕೆರೆಯ ಏರಿಯ ಮೇಲೆಲ್ಲ ಕೇಕೆ, ಸಿಳ್ಳೆ. ಅವ್ವ, ಆ ಹೆಂಗಸು ಇಬ್ಬರೂ ಕೆಸರಿನ ಗೊಂಬೆಗಳಾಗಿ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಮನೆಯಲ್ಲಿ ಗಿಣ್ಣು ತಿನ್ನುತ್ತ ಅವಳು ತಾನು ಇಟಾಲಿಯನ್ ಎಂದಳು, ತಾತನ ಮನೆಯಲ್ಲೂ ಹಸುಗಳಿದ್ದವಂತೆ. ಮುಂದಿನದನ್ನು ನಂಜಪ್ಪಣ್ಣ ಕನ್ನಡಕ್ಕೆ ತಂದ. "ಅವರ ದೇಶದ ಹೆಸರೇ ಕರುವಿಂದ ಬಂದದ್ದಂತೆ ಕಣಕ್ಕ. ಹಿಂದೆ ಅಲ್ಲಿ ದಕ್ಷಿಣದ ಕಡೆ ಜನ ತಮ್ಮ ಸೀಮೇನ ವಿಟೆಲಿಯು ಅಂತಿದ್ರಂತೆ, ಕರುಗಳ ನಾಡು ಅಂತ. ಅದೇ ಇಟಲಿ ಆಯ್ತಂತೆ."

"ಹಂಗಾದ್ರೆ ನಮ್ಮ ಪೈಕಿಯೋಳೇ ಬುಡು. ಇನ್ನೊಂಚೂರು ಗಿಣ್ಣು ಹಾಕು ಮಗ" ಎಂದಳು ಅವ್ವ.

ಕಾಲೇಜಿಗೆ ಹೋದಾಗ ಆ ಮಾತನ್ನು ಪುಸ್ತಕಗಳಲ್ಲಿ ಹುಡುಕಿದೆ. ಹಾಗೆಂದು ಹಲವರು ಬರೆದಿದ್ದಾರೆ; ಖಚಿತವಿಲ್ಲ ಎಂದವರೂ ಇದ್ದಾರೆ. ಈಗ ಬೀದಿಯಲ್ಲಿ ನಾಟಿ ಹಸುಗಳಿಲ್ಲ, ಗಿಣ್ಣಿನ ಬಟ್ಟಲು ಮನೆಯಿಂದ ಮನೆಗೆ ಹೋಗುವುದಿಲ್ಲ, ನಮ್ಮ ಕೊಟ್ಟಿಗೆಯಲ್ಲಿ ಬೈಕು ನಿಲ್ಲುತ್ತದೆ. ಅವ್ವನೂ ಇಲ್ಲ. ಹೀಗೆ ಒಂದೊಂದಾಗಿ ಎಷ್ಟೋ ಹೋದವು. ಆದರೆ ಆ ಮಧ್ಯಾಹ್ನ ಮಾತ್ರ ನಾವು ಕೆರೆಗೆ ಏನನ್ನೂ ಬಿಟ್ಟುಕೊಡಲಿಲ್ಲ.