ಭಾವನ ವ್ಯಾನಿನ ಎಣ್ಣೆ ದೀಪ

ಗ್ಯಾರೇಜಿಗೆ ಬರುವವರೆಲ್ಲ ಮೇಸ್ತ್ರಿಗೆ ಗೊಣಗಪ್ಪ ಎಂದು ಹೆಸರಿಟ್ಟಿದ್ದರು. ಮೂವತ್ತು ವರ್ಷದಿಂದ ಕಂಡಕಂಡವರ ಎಂಜಿನ್ ಬಿಚ್ಚಿದವನು ಗೊಣಗದೆ ಇನ್ನೇನು ಮಾಡಬೇಕು? ಬಂದವರದೆಲ್ಲ ಒಂದೇ ರಾಗ: "ಎಣ್ಣೆ ತುಂಬಾ ಇದೆಯಲ್ಲ ಮೇಸ್ತ್ರಿ, ಮತ್ಯಾಕೆ ದೀಪ ಹತ್ತುತ್ತೆ?" ಸ್ಟಿಯರಿಂಗಿನ ಮುಂದೆ ಹತ್ತುವ ಆ ಎಚ್ಚರಿಕೆ ದೀಪ ಹೇಳುವುದು ಎಣ್ಣೆಯ ಒತ್ತಡವನ್ನು, ಅಳತೆಯನ್ನಲ್ಲ ಎಂದು ಹೇಳಿ ಹೇಳಿ ಅವನ ಬಾಯಿ ಒಣಗಿತ್ತು. ಎಂಜಿನ್ನಿನ ತಳದ ಚೇಂಬರಿನಲ್ಲಿ ಎಣ್ಣೆ ನಿಂತಿರುತ್ತದೆ. ಪಂಪು ಅದನ್ನು ಜಾಲರಿಯ ಮೂಲಕ ಹೀರಿ, ಫಿಲ್ಟರ್ ದಾಟಿಸಿ, ಒಂದೊಂದು ಬೇರಿಂಗಿಗೂ ಒತ್ತಿ ಕಳಿಸಬೇಕು. ಲೋಹಕ್ಕೂ ಲೋಹಕ್ಕೂ ನಡುವೆ ಆ ತೆಳು ಪದರ ಇಲ್ಲದಿದ್ದರೆ ಎಂಜಿನ್ ಸವೆದು ಕಚ್ಚಿಕೊಳ್ಳುತ್ತದೆ.

"ಬಾವಿ ತುಂಬಾ ನೀರಿದ್ರೆ ಆಯ್ತಾ? ಸೇದೋರು ಬೇಡ್ವಾ?" ಎಂದು ರೇಗುತ್ತಿದ್ದ. ಗೋಡೆಗೆ ಹೇಳಿದರೂ ಒಂದೇ, ಗಿರಾಕಿಗೆ ಹೇಳಿದರೂ ಒಂದೇ.

ಅವನು ಬೈಯಲಾಗದವರು ಒಬ್ಬರೇ, ಅಕ್ಕನ ಗಂಡ. ಭಾವ ಇಪ್ಪತ್ತೆರಡು ವರ್ಷದಿಂದ ಶಾಲೆಯ ವ್ಯಾನ್ ಓಡಿಸುತ್ತಿದ್ದರು. ಎರಡು ತಿಂಗಳ ಹಿಂದೆ ಆ ಎಂಜಿನ್ ಬಿಚ್ಚಿ ಜೋಡಿಸಿದವನು ಗೊಣಗಪ್ಪನೇ. ಅಂದಿನಿಂದ ಶುರುವಾಗಿತ್ತು ದೀಪದ ಕಾಟ.

"ಬೆಳಿಗ್ಗೆ ಸರಿಯಾಗೇ ಇರುತ್ತೆ ಕಣಯ್ಯ. ಓಡ್ತಾ ಓಡ್ತಾ ಹತ್ತುತ್ತೆ. ನಿಲ್ಸಿ ಒಂದ್ಲೋಟ ಎಣ್ಣೆ ಹಾಕಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಆರಿರುತ್ತೆ," ಎಂದಿದ್ದರು ಭಾವ.

ಗೊಣಗಪ್ಪನ ಕಿವಿಗೆ ಬಿದ್ದದ್ದು ಆ ಒಂದು ಲೋಟ ಎಣ್ಣೆ ಮಾತ್ರ. ಅಳತೆ ಕಡ್ಡಿ ಎಳೆದು ನೋಡಿದರೆ ಗುರುತಿಗಿಂತ ಎರಡು ಬೆರಳು ಮೇಲೆ.

"ಜಾಸ್ತಿ ಹಾಕಿದ್ರೆ ಒಳಗೆ ತಿರುಗೋ ಕ್ರ್ಯಾಂಕು ಅದನ್ನ ಮಜ್ಜಿಗೆ ಥರ ಕಡೆಯುತ್ತೆ ಭಾವ. ಪಂಪು ನೊರೆ ಎಳ್ಕೊಂಡು ಗಾಳಿ ತಳ್ಳುತ್ತೆ," ಎಂದ. ಎದುರಿಗೆ ಇಷ್ಟೇ. ಹಿಂದಿನಿಂದ ಅಕ್ಕನಿಗೂ ಶಾಲೆಯ ಮ್ಯಾನೇಜರಿಗೂ, ಭಾವ ಕೈಯಾರೆ ಎಂಜಿನ್ ಹಾಳು ಮಾಡುತ್ತಿದ್ದಾರೆ ಎಂದು ಊದಿದ. ಹೆಚ್ಚಿನ ಎಣ್ಣೆ ಇಳಿಸಿ ಕಳಿಸಿದ. ದೀಪ ಮತ್ತೆ ಹತ್ತಿತು. ವ್ಯಾನು ಮಕ್ಕಳನ್ನು ಕೂರಿಸಿಕೊಂಡು ನಡುರಸ್ತೆಯಲ್ಲಿ ಮೂರು ಸಲ ನಿಂತಿತು. ಸೋಮವಾರದಿಂದ ಬೇರೆ ಡ್ರೈವರ್ ಬರುತ್ತಾನೆ ಎಂದು ಶಾಲೆಯವರು ಹೇಳಿಬಿಟ್ಟರು.

ಶುಕ್ರವಾರ ಗೊಣಗಪ್ಪ ಹಲ್ಲು ಕಡಿಯುತ್ತಾ ಚೇಂಬರ್ ಇಳಿಸಿದ. ಪಂಪಿನ ಜಾಲರಿಗೆ ಕೆಂಪು ಚೂರುಗಳು ಅಂಟಿಕೊಂಡಿದ್ದವು. ಎಣ್ಣೆ ಸೋರದಂತೆ ಚೇಂಬರಿನ ಅಂಚಿಗೆ ಹಚ್ಚುವ ಪೇಸ್ಟ್ ಅದು. ತೆಳ್ಳಗೆ ಎಳೆಯಬೇಕಾದದ್ದನ್ನು, ಭಾವನ ಗಾಡಿ ಒಂದು ಹನಿಯೂ ಸೋರಬಾರದು ಎಂದು ಇವನೇ ದಪ್ಪಗೆ ಮೆತ್ತಿದ್ದ. ಹೆಚ್ಚಾದದ್ದು ಒಳಗೆ ಉಬ್ಬಿ, ಒಣಗಿ, ಕಿತ್ತು ಬಿದ್ದಿತ್ತು. ಪಂಪು ಹೀರಿದಾಗ ಚೂರುಗಳು ಜಾಲರಿಯನ್ನು ಮುಚ್ಚುತ್ತಿದ್ದವು, ಎಂಜಿನ್ ನಿಂತಾಗ ಕೆಳಗೆ ಬೀಳುತ್ತಿದ್ದವು. ಅದಕ್ಕೇ ಹತ್ತು ನಿಮಿಷ ಬಿಟ್ಟರೆ ದೀಪ ಆರಿರುತ್ತಿತ್ತು. ಭಾವ ಮೊದಲ ದಿನವೇ ಹೇಳಿದ್ದರು, ಈ ಮಹಾಶಯ ಕೇಳಿಸಿಕೊಂಡಿರಲಿಲ್ಲ.

ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಜಾಲರಿ ತೊಳೆದಿಟ್ಟಿದ್ದರೆ ಯಾರಿಗೂ ಗೊತ್ತಾಗದೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ತನ್ನನ್ನೇ ಬಾಯಿಗೆ ಬಂದಂತೆ ಬೈದುಕೊಂಡು ಮ್ಯಾನೇಜರಿಗೆ ಫೋನ್ ಮಾಡಿದ: "ತಪ್ಪು ನಂದು ಸಾರ್, ಡ್ರೈವರದ್ದಲ್ಲ." ಅವರು ಎರಡು ಮಾತು ಬೈದು, ಸೋಮವಾರ ಭಾವನೇ ಬರಲಿ ಎಂದರು.

ಆಮೇಲೆ ಆ ಚೂರುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಅಕ್ಕನ ಮನೆಗೆ ಹೋದ. ಮೆಟ್ಟಿಲ ಮೇಲೆ ಕೂತಿದ್ದ ಭಾವ ಪೊಟ್ಟಣ ಬಿಚ್ಚಿ ನೋಡಿದರು.

"ನಂಗ್ಯಾಕೆ ತೋರಿಸ್ತೀಯ? ನಾನು ಹಾಳು ಮಾಡಿಲ್ಲ ಅಂತ ನಂಗೆ ಗೊತ್ತಿತ್ತು. ಒಳಗೆ ಹೋಗಿ ನಿಮ್ಮಕ್ಕಂಗೆ ತೋರ್ಸು. 'ನನ್ನ ತಮ್ಮ ಸುಳ್ಳು ಹೇಳ್ತಾನಾ' ಅಂತ ಎರಡು ತಿಂಗಳಿಂದ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ ಅವ್ಳು."

ಅಕ್ಕ ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಅವಳು ಎದ್ದು ಹೊರಗೆ ಹೋಗಿ ಗಂಡನ ಪಕ್ಕದಲ್ಲಿ ಕೂತಳು. ಗೊಣಗಪ್ಪ ಹೊರಟಾಗ ಇಬ್ಬರೂ ಮೆಟ್ಟಿಲ ಮೇಲೆ ಒಂದಿಷ್ಟು ಸರಿದು ಅವನಿಗೆ ದಾರಿ ಬಿಟ್ಟರು.